ನಲವತ್ತೈದು ದಿನಗಳ ಕಾಯ್ದೆ ಮತ್ತು ಪೇಟೆಯ ವಾಡಿಕೆ

ವ್ಯಾಪಾರಸ್ಥನ ನಡವಳಿಕೆಯನ್ನು ರೂಪಿಸುವ ಶಕ್ತಿಗಳು ಮುಖ್ಯವಾಗಿ ಎರಡು. ಒಂದು ಸರ್ಕಾರ ರಚಿಸಿದ ಕಾನೂನು. ಇನ್ನೊಂದು ತಲೆಮಾರುಗಳಿಂದ ನಡೆದುಬಂದ ಪೇಟೆಯ ವಾಡಿಕೆ. ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಕಾನೂನು ಸುಲಭವಾಗಿ ಜಾರಿಯಾಗುತ್ತದೆ. ಎದುರುಬದುರಾದರೆ ಬಹುಮಟ್ಟಿಗೆ ವಾಡಿಕೆಯೇ ಗೆಲ್ಲುತ್ತದೆ. ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಬಾಕಿಯ ಕುರಿತ ಕಾಯ್ದೆಯು ಇದಕ್ಕೆ ಉತ್ತಮ ನಿದರ್ಶನವಾಗಿದ್ದು, ಅದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ವಾಡಿಕೆಯ ಬಲ ಮತ್ತು ಮಿತಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂತಹ ಕಡೆ ಅಂಗಡಿಯವರು ಗೊಬ್ಬರ, ಬಿತ್ತನೆ ಬೀಜ, ದಿನಸಿಗಳನ್ನು ಉದ್ದರಿ ಕೊಡುವುದೂ, ರಾಗಿ ಕೊಯ್ಲಾದ ಮೇಲೆ ರೈತರು ಬಾಕಿ ತೀರಿಸುವುದೂ ರೂಢಿ. ಇದಕ್ಕೆ ಕರಾರು ಪತ್ರವಿಲ್ಲ. ಆದರೂ ವ್ಯವಹಾರ ನಡೆಯುತ್ತದೆ. ಬರುವ ವರ್ಷವೂ ಅದೇ ಅಂಗಡಿಗೆ ಹೋಗಬೇಕು, ಮಾತು ತಪ್ಪಿದರೆ ಊರಿಗೆಲ್ಲ ತಿಳಿಯುತ್ತದೆ ಎಂಬ ಅರಿವೇ ಇಲ್ಲಿ ಜಾಮೀನು.

ಆದರೆ ತಾಲ್ಲೂಕು ಕೇಂದ್ರದ ವಿದ್ಯುತ್ ಮಗ್ಗದ ಮಾಲೀಕನು ಬೆಂಗಳೂರಿನ ಸಗಟು ವ್ಯಾಪಾರಿಗೆ ಸೀರೆಗಳನ್ನು ಉದ್ದರಿ ಕೊಟ್ಟಾಗ ಸ್ಥಿತಿ ಬೇರೆ. ಖರೀದಿದಾರನಿಗೆ ಮಾರುವವರು ಹಲವರು. ಮಗ್ಗದವನಿಗೆ ಖರೀದಿದಾರರು ಕೆಲವರೇ. ವಾರದ ಬಟವಾಡೆ, ನೂಲಿನ ಬಾಕಿ, ವಿದ್ಯುತ್ ಬಿಲ್ಲು ಇವು ಕಾಯುವುದಿಲ್ಲ. ಬರಬೇಕಾದ ಹಣ ಮಾತ್ರ ಕಾಯಿಸುತ್ತದೆ. ಸಮಬಲರ ನಡುವೆ ಪರಸ್ಪರ ವಿಶ್ವಾಸವಾಗಿದ್ದ ಉದ್ದರಿಯು ಇಲ್ಲಿ ದುರ್ಬಲನು ಪ್ರಬಲನಿಗೆ ಕೊಡುವ ಬಡ್ಡಿರಹಿತ ಸಾಲವಾಗುತ್ತದೆ.

ದೂರು ಬೇಡುವ ಕಾನೂನು

ಇದನ್ನು ಸರಿಪಡಿಸಲು 1993ರಲ್ಲೇ ಒಂದು ಕಾಯ್ದೆ ಬಂದಿತ್ತು. ಅದರ ಸ್ಥಾನದಲ್ಲಿ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006 ಜಾರಿಗೆ ಬಂದಿತು. ಇದರ ಕಲಂ 15ರ ಪ್ರಕಾರ ಲಿಖಿತ ಕರಾರು ಇದ್ದರೆ ಅದರಲ್ಲಿನ ದಿನಾಂಕದೊಳಗೆ ಹಣ ಪಾವತಿಸಬೇಕು. ಆ ಅವಧಿ ಸರಕು ಸ್ವೀಕೃತಿಯಾದ ದಿನದಿಂದ 45 ದಿನ ಮೀರುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ಕಲಂ 16ರಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ದಂಡನೆ ಇಷ್ಟು ಕಠಿಣವಾಗಿದ್ದರೂ ಪೇಟೆಯ ನಡವಳಿಕೆ ಹೆಚ್ಚು ಬದಲಾಗಲಿಲ್ಲ. ಕಾರಣ ಸರಳ: ಬಡ್ಡಿ ಪಡೆಯಲು ಮಾರಾಟಗಾರನೇ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬೇಕು. ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಸಿಗುವ ಭರವಸೆಯಿಲ್ಲ. ಗಿರಾಕಿಯ ಮೇಲೆ ದೂರು ಕೊಡಬಾರದೆಂಬ ವಾಡಿಕೆಯ ಮುಂದೆ ಕಾನೂನು ಸೋತಿತು.

ದೂರು ಬೇಡದ ಕಾನೂನು

2023ರ ಹಣಕಾಸು ಕಾಯ್ದೆಯು ಬೇರೆ ಮಾರ್ಗ ಹಿಡಿಯಿತು. ಆದಾಯ ತೆರಿಗೆ ಕಾಯ್ದೆ, 1961ರ ಕಲಂ 43ಬಿ ಅಡಿಯಲ್ಲಿ ಹೊಸ ಉಪಖಂಡವನ್ನು ಸೇರಿಸಿ, 2023-24ನೇ ಲೆಕ್ಕ ವರ್ಷದಿಂದ ಅನ್ವಯಿಸಲಾಯಿತು. 1-4-2026ರಿಂದ ಜಾರಿಗೆ ಬಂದ 2025ರ ಹೊಸ ಕಾಯ್ದೆಯಲ್ಲಿಯೂ ಈ ತತ್ವ ಮುಂದುವರಿದಿದೆ. ಅದರಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಪಾವತಿಸದ ಮೊತ್ತವನ್ನು ಖರೀದಿದಾರನು ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಬಹುದು.

ಉದಾಹರಣೆಗೆ, ಫೆಬ್ರವರಿ 1ರಂದು ಸ್ವೀಕರಿಸಿದ 10 ಲಕ್ಷ ರೂ. ಸರಕಿನ ಹಣ ಮಾರ್ಚ್ 31ಕ್ಕೂ ಬಾಕಿ ಇದೆ ಎನ್ನೋಣ. ಕರಾರಿನಲ್ಲಿ 90 ದಿನ ಎಂದಿದ್ದರೂ ಪ್ರಯೋಜನವಿಲ್ಲ. 45 ದಿನ ಮೀರಿದೆ. ಖರೀದಿದಾರನು ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಶೇ. 30 ತೆರಿಗೆ ಮತ್ತು ಶೇ. 4 ಸೆಸ್ ಸೇರಿ ಆ ವರ್ಷ 3,12,000 ರೂ. ಹೆಚ್ಚುವರಿ ತೆರಿಗೆ ಬೀಳುತ್ತದೆ. ಮುಂದೆ ಪಾವತಿಸಿದ ವರ್ಷದಲ್ಲಿ ಕಳೆಯಬಹುದಾದರೂ ಅಲ್ಲಿಯವರೆಗೆ ಹಣ ಸಿಲುಕುತ್ತದೆ. ಆದರೆ ಮಾರ್ಚ್ 1ರಂದು ಸ್ವೀಕರಿಸಿದ ಸರಕಿಗೆ, 45 ದಿನಗಳ ಲಿಖಿತ ಕರಾರು ಇದ್ದು ಏಪ್ರಿಲ್ 15ರೊಳಗೆ ಪಾವತಿಸಿದರೆ ತೊಂದರೆಯಿಲ್ಲ.

ಇಲ್ಲಿ ಯಾರೂ ದೂರು ಕೊಡಬೇಕಿಲ್ಲ. ಖರೀದಿದಾರನ ಲೆಕ್ಕಪುಸ್ತಕವೇ ಅವನಿಗೆ ಎಚ್ಚರಿಕೆ ನೀಡುತ್ತದೆ. ದಂಡದ ತೂಕಕ್ಕಿಂತ, ಕಾನೂನನ್ನು ಚಾಲನೆಗೊಳಿಸುವವರು ಯಾರು ಎಂಬುದು ಮುಖ್ಯ ಎನ್ನುವುದೇ ಇದರ ಪಾಠ.

ಅಡ್ಡ ಪರಿಣಾಮ

ಆದರೂ ವಾಡಿಕೆ ಸುಮ್ಮನೆ ಶರಣಾಗುವುದಿಲ್ಲ. 2024ರ ಆರಂಭದಲ್ಲಿ ಜವಳಿ ವ್ಯಾಪಾರ ವಲಯದಿಂದ ಈ ನಿಯಮವನ್ನು ಮುಂದೂಡಬೇಕೆಂಬ ಒತ್ತಾಯ ಕೇಳಿಬಂದಿತು. ಆರ್ಡರ್‌ಗಳು ನೋಂದಣಿಯಿಲ್ಲದವರಿಗೆ ಅಥವಾ ಈ ನಿಯಮ ಅನ್ವಯಿಸದ ಮಧ್ಯಮ ಉದ್ಯಮಗಳಿಗೆ ಹೋದೀತೆಂಬ ಆತಂಕ ಸಣ್ಣವರಲ್ಲಿ ಮೂಡಿತು. ರಕ್ಷಣೆಗೆಂದು ಪಡೆದ ನೋಂದಣಿಯನ್ನು ಮುಚ್ಚಿಡುವ ಪ್ರಲೋಭನೆಗೆ ಉದ್ಯಮಿಗಳು ಒಳಗಾಗಬಾರದು. ಇಂದಿನ ಆರ್ಡರ್‌ಗಾಗಿ ನಾಳಿನ ಹಕ್ಕನ್ನು ಬಿಟ್ಟುಕೊಟ್ಟಂತಾಗುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ತಯಾರಕರು ಮತ್ತು ಸೇವಾ ಉದ್ಯಮಗಳು ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲಿ ಮುದ್ರಿಸಬೇಕು. 1-4-2025ರಿಂದ ಸಣ್ಣ ಉದ್ಯಮದ ಮಿತಿ 25 ಕೋಟಿ ರೂ. ಹೂಡಿಕೆ ಮತ್ತು 100 ಕೋಟಿ ರೂ. ವಹಿವಾಟು.

2. ಕೇವಲ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ದೊರೆತರೂ, 2021ರ ಆದೇಶದಂತೆ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಆದರೆ ಖರೀದಿದಾರರಾಗಿ ಅವರೂ ಗಡುವನ್ನು ಪಾಲಿಸಲೇಬೇಕು.

3. ಸರಕು ತಲುಪಿದ ದಿನಾಂಕಕ್ಕೆ ಸಹಿ ಪಡೆಯಬೇಕು. 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ತಲುಪಿಸಿದ ದಿನವೇ ಸ್ವೀಕೃತಿಯ ದಿನ.

4. ಖರೀದಿದಾರರು ಬಾಕಿ ಪಟ್ಟಿಯನ್ನು ಮಾರ್ಚ್ ಕೊನೆಯವರೆಗೆ ಕಾಯದೆ ಪ್ರತಿ ತಿಂಗಳೂ ದಿನವಾರು ಪರಿಶೀಲಿಸಬೇಕು.

ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುವ ಮುನ್ನ ಹಳೆಯ ಬಾಕಿ ಚುಕ್ತಾ ಮಾಡುವುದು ನಮ್ಮ ವ್ಯಾಪಾರಸ್ಥರಲ್ಲಿ ಶುಭವೆನಿಸಿಕೊಂಡಿದೆ. ಯಾವ ಕಾಯ್ದೆಯೂ ಅದನ್ನು ವಿಧಿಸಿಲ್ಲ. ನಲವತ್ತೈದು ದಿನಗಳ ಪಾವತಿಯೂ ತೆರಿಗೆಯ ಭಯದಿಂದ ಆರಂಭವಾಗಿ ಪೇಟೆಯ ಮರ್ಯಾದೆಯಾಗಿ ನೆಲೆಗೊಂಡರೆ ಆಗ ಕಾಯ್ದೆಯ ಉದ್ದೇಶ ಈಡೇರಿದಂತೆ.