ಮಿದುಳಿನ ತಾಯಿಪೊರೆಗಳು

ಬೀದರಿಗೆ ಪೂರ್ವದಲ್ಲಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. 1461ರಲ್ಲಿ ತೀರಿಕೊಂಡ ಹುಮಾಯೂನ್ ಶಾಹನ ಗೋರಿಗೆ ಸಿಡಿಲು ಬಡಿದು ಗುಮ್ಮಟವು ಸೀಳಿಹೋಗಿದೆ; ಅದರ ಗೋಡೆಯ ದಪ್ಪವೆಷ್ಟೆಂಬುದನ್ನು ಹೊರಗೆ ನಿಂತೇ ಕಾಣಬಹುದು. ಮನುಷ್ಯನ ತಲೆಬುರುಡೆಯೂ ಒಂದು ಗುಮ್ಮಟವೇ. ಆದರೆ ಅದರ ಒಳಗು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಬುರುಡೆಗೂ ಮಿದುಳಿಗೂ ನಡುವೆ ಮೂರು ಪೊರೆಗಳಿವೆ. ಹೊರಗಿನದು ತೊಗಲಿನಂತೆ ಗಟ್ಟಿ. ನಡುವಿನದು ಜೇಡರ ಬಲೆಯಂತೆ ನವಿರು. ಒಳಗಿನದು ಮಿದುಳಿನ ಮಡಿಕೆ ಮಡಿಕೆಗೂ ಅಂಟಿಕೊಂಡಿರುವ ತೆಳು ಪೊರೆ. ಅರಬ್ಬೀ ವೈದ್ಯರು ಹೊರಗಿನದನ್ನು ‘ಗಟ್ಟಿ ತಾಯಿ’ ಎಂದೂ ಒಳಗಿನದನ್ನು ‘ತೆಳು ತಾಯಿ’ ಎಂದೂ ಕರೆದರು. 12ನೆಯ ಶತಮಾನದಲ್ಲಿ ಈ ಹೆಸರುಗಳು ಲ್ಯಾಟಿನಿಗೆ ಭಾಷಾಂತರಗೊಂಡು ‘ಡ್ಯೂರಾ ಮೇಟರ್’, ‘ಪಯಾ ಮೇಟರ್’ ಎಂದಾದವು. ಅಷ್ಟೂರಿನ ಅಹಮದ್ ಶಾಹ ವಲಿಯ ಗೋರಿಯಲ್ಲಿ ಬಣ್ಣ ಬಂಗಾರಗಳಿಂದ ಬರೆದ ಅರಬ್ಬೀ ಅಕ್ಷರಗಳನ್ನು ಕಂಡು ಬೆರಗಾಗುವ ನಮಗೆ, ಆ ಭಾಷೆಯೇ ನಮ್ಮ ತಲೆಯೊಳಗಣ ಪೊರೆಗಳಿಗೂ ತಾಯಿಯ ಹೆಸರಿಟ್ಟಿತೆಂಬುದು ತಿಳಿದಿರುವುದು ವಿರಳ.

ತಾಯಿಯ ಮಡಿಲಿನಲ್ಲಿಯೂ ಕೇಡು ಮೊಳೆಯುವುದುಂಟು. ನಡುವಣ ಪೊರೆಯ ಜೀವಕೋಶಗಳು ಮಿತಿಮೀರಿ ಬೆಳೆದು ಗಡ್ಡೆಯಾಗುತ್ತವೆ. 1922ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಇದಕ್ಕೆ ‘ಮೆನಿಂಜಿಯೋಮಾ’ ಎಂದು ಹೆಸರಿಟ್ಟನು. ಇಂತಹ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅವು ಹುಟ್ಟುವುದು ಮಿದುಳಿನಲ್ಲಲ್ಲ, ಅದರ ಹೊದಿಕೆಯಲ್ಲಿ. ಆದರೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಮಿದುಳನ್ನು ಒತ್ತುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇವು ಹೆಚ್ಚು.

ಕೇಡಿನ ಮೂಲ ಇಲ್ಲಿಯೇ ಇದೆ. ಒಲೆಯ ಮುಂದೆ ಕುಳಿತವಳಿಗೆ ರೊಟ್ಟಿ ಸೀದರೂ ವಾಸನೆ ತಿಳಿಯದು; ಮನೆಯವರು ‘ಮೈಮರೆವು’ ಎನ್ನುತ್ತಾರೆ. ಚುರುಕಾಗಿದ್ದವಳು ಮಂಕಾಗಿ ಕೂತರೆ ‘ಸೋಮಾರಿತನ’ ಎನ್ನುತ್ತಾರೆ, ಇಲ್ಲವೇ ‘ಗಾಳಿ ಸೋಕಿದೆ’ ಎನ್ನುತ್ತಾರೆ. ಕನ್ನಡಕ ಬದಲಿಸಿದರೂ ಕಣ್ಣಿನ ಮಬ್ಬು ಹೋಗದು. ಮೂರ್ಛೆ ಬಂದರೆ ಕೈಗೆ ಕಬ್ಬಿಣ ಕೊಟ್ಟು ಸುಮ್ಮನಾಗುತ್ತಾರೆ. ರೋಗಕ್ಕೆ ತಪ್ಪು ಹೆಸರಿಟ್ಟ ಮನೆಯಲ್ಲಿ ಗಡ್ಡೆ ಬೆಳೆಯುತ್ತಲೇ ಇರುತ್ತದೆ. ಇಂತಹ ಲಕ್ಷಣಗಳಿಗೆಲ್ಲ ಗಡ್ಡೆಯೇ ಕಾರಣವೆಂದಲ್ಲ. ಬಿಡದೆ ಕಾಡಿದಾಗ ಪರೀಕ್ಷೆ ಬೇಕೆಂಬುದಷ್ಟೇ ಮಾತು.

ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದುದು. ‘ತಲೆಯಲ್ಲಿ ಗಡ್ಡೆ’ ಎಂದೊಡನೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವುದು. ಅಮೆರಿಕದ ಸೇನಾನಿ ಲಿಯೊನಾರ್ಡ್ ವುಡ್‌ನ ಗಡ್ಡೆಯನ್ನು 1910ರಲ್ಲಿ ಕುಶಿಂಗನೇ ತೆಗೆದನು. ವುಡ್ ಅದೇ ವರ್ಷ ಸೇನೆಯ ಮುಖ್ಯಸ್ಥನಾದನು. ಮುಂದೆ ಫಿಲಿಪೀನ್ಸಿನ ಗವರ್ನರ್ ಜನರಲ್ ಆದನು. ಗಡ್ಡೆ ಮರಳಿ ಬೆಳೆದು, 1927ರಲ್ಲಿ ಮತ್ತೆ ಶಸ್ತ್ರಚಿಕಿತ್ಸೆಯಾದಾಗ ತೀರಿಕೊಂಡನು. ನಡುವಣ 17 ವರ್ಷಗಳು ಅವನಿಗೆ ದೊರೆತ ಲಾಭ. ಬೇರು ಉಳಿದರೆ ಮತ್ತೆ ಚಿಗುರೀತೆಂಬ ಎಚ್ಚರವನ್ನೂ ಆ ಬಾಳು ಕಲಿಸುತ್ತದೆ.

ಈಗ ಬುರುಡೆಯನ್ನು ತೆರೆಯದೆಯೇ ಸಿ.ಟಿ., ಎಂ.ಆರ್.ಐ. ಯಂತ್ರಗಳು ಒಳಗನ್ನು ತೋರಿಸುತ್ತವೆ. ತೊಂದರೆ ಕೊಡದ ಸಣ್ಣ ಗಡ್ಡೆಯನ್ನು ಕೆಲವೊಮ್ಮೆ ಆಗಾಗ ಪರೀಕ್ಷಿಸುತ್ತಿದ್ದರೆ ಸಾಕು. ಉಳಿದವಕ್ಕೆ ಶಸ್ತ್ರಚಿಕಿತ್ಸೆ, ಕಿರಣಚಿಕಿತ್ಸೆಗಳಿವೆ. 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿಯವರು ಮಿದುಳಿನ ಶಸ್ತ್ರವೈದ್ಯ ವಿಭಾಗವನ್ನು ತೆರೆದರು. 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಿತು. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದು ಬಹು ಹತ್ತಿರ. ದಾರಿ ಎಷ್ಟೇ ಇರಲಿ, ಮೊದಲ ಹೆಜ್ಜೆ ಇಡಬೇಕಾದುದು ಮನೆಯಲ್ಲಿಯೇ: ತಾಯಿಯೊಬ್ಬಳು ಬದಲಾಗಿರುವಳೆಂದು ಕಂಡಾಗ ಅವಳನ್ನು ಬಯ್ಯದೆ ವೈದ್ಯರಲ್ಲಿಗೆ ಕರೆದೊಯ್ಯುವುದು.