ಬಿದ್ದವರ ಸುದ್ದಿ ಮುಟ್ಟಿಸುವ ಗಡಿಯಾರ

ಸುಗ್ಗಿಯ ದಿನಗಳಲ್ಲಿ ಕಲಘಟಗಿ ತಾಲ್ಲೂಕಿನ ದುಮ್ಮವಾಡದಂಥ ಊರಿನಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಮನೆ ಕಾಯುವವರು ಅಜ್ಜ, ಅಜ್ಜಿ. ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಏಳಲಾಗದಿದ್ದರೆ ಸಂಜೆಯವರೆಗೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಗಂಟೆಗಟ್ಟಲೆ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಮೈಭಾರಕ್ಕೆ ಸಿಕ್ಕ ಸ್ನಾಯುಗಳು ಹಾಳಾಗಿ, ಅವುಗಳಿಂದ ರಕ್ತಕ್ಕೆ ಸೇರುವ ಪದಾರ್ಥಗಳು ಮೂತ್ರಪಿಂಡವನ್ನೇ ಕೆಡಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ಬಿದ್ದದ್ದನ್ನು ತಾನಾಗಿಯೇ ಗುರುತಿಸುವ ಸಾಧನ ಸ್ಮಾರ್ಟ್‌ಫೋನಿನಲ್ಲೂ ಸ್ಮಾರ್ಟ್ ಕೈಗಡಿಯಾರದಲ್ಲೂ ಇದೆ: ವೇಗೋತ್ಕರ್ಷ ಮಾಪಕ. ಸಿಲಿಕಾನ್ ಚಿಪ್ಪಿನೊಳಗೆ ಅತಿಸಣ್ಣ ಸ್ಪ್ರಿಂಗುಗಳಿಗೆ ಜೋತುಬಿದ್ದ ಒಂದು ತುಣುಕು ಅಲುಗಿದಂತೆ ವಿದ್ಯುತ್ ಸಂಕೇತ ಬದಲಾಗುತ್ತದೆ. ಸುಮ್ಮನಿದ್ದಾಗ ಅದು 1 ಜಿ ತೋರಿಸುತ್ತದೆ, ಗುರುತ್ವದ ವೇಗೋತ್ಕರ್ಷದಷ್ಟು. ಮೈ ಕುಸಿಯುವಾಗ ಅಂಕಿ ಸೊನ್ನೆಯತ್ತ ಇಳಿಯುತ್ತದೆ. ಒಂದು ಮೀಟರ್ ಎತ್ತರದಿಂದ ನೆಲಕ್ಕೆ ಬೀಳಲು ಅರ್ಧ ಸೆಕೆಂಡೂ ಬೇಡ. ನೆಲಕ್ಕೆ ಬಡಿದ ಕ್ಷಣ ಅಂಕಿ ಹಲವು ಜಿಗಳಿಗೆ ನೆಗೆಯುತ್ತದೆ. ಮೈ ಎತ್ತ ಹೊರಳಿತೆಂದು ಜೈರೋಸ್ಕೋಪ್ ಹೇಳುತ್ತದೆ. ಕೆಲವು ಸಾಧನಗಳಲ್ಲಿರುವ ವಾಯುಭಾರ ಮಾಪಕ ಒಂದು ಮೀಟರ್ ಇಳಿದರೆ ಸುಮಾರು 12 ಪ್ಯಾಸ್ಕಲ್‌ನಷ್ಟು ಏರುವ ಒತ್ತಡವನ್ನೂ ಹಿಡಿಯುತ್ತದೆ. ಇಳಿತ, ಏಟು, ಆಮೇಲಿನ ನಿಶ್ಚಲತೆ: ಈ ಮೂರೂ ಸಾಲಾಗಿ ಬಂದರೆ ಯಂತ್ರಕ್ಕೆ ಅನುಮಾನ ಬರುತ್ತದೆ. 2018ರಲ್ಲಿ ಈ ಸೌಲಭ್ಯದೊಂದಿಗೆ ಬಂದ ಆಪಲ್ ವಾಚ್, ತೊಟ್ಟವರು ಸುಮಾರು ಒಂದು ನಿಮಿಷ ಅಲುಗದಿದ್ದರೆ ತಾನೇ ಸಹಾಯಕ್ಕೆ ಕರೆ ಮಾಡುತ್ತದೆ.

ಆದರೆ ಮುಪ್ಪಿನವರು ಯಾವಾಗಲೂ ಹೀಗೆ ಧೊಪ್ಪನೆ ಬೀಳುವುದಿಲ್ಲ. ಗೋಡೆ ಹಿಡಿದು ಮೆಲ್ಲಗೆ ಜಾರಿ ಕುಸಿಯುವವರೂ ಇದ್ದಾರೆ. ಆಗ ಅಂಕಿ ಸೊನ್ನೆಯ ಹತ್ತಿರವೂ ಸುಳಿಯಲಿಕ್ಕಿಲ್ಲ. ಬಿದ್ದದ್ದನ್ನು ಗುರುತಿಸುವ ಲೆಕ್ಕಸೂತ್ರಗಳನ್ನು (ಅಲ್ಗಾರಿದಮ್) ಬಹುಪಾಲು ಪರೀಕ್ಷಿಸಿದ್ದು ಹಾಸಿಗೆಯ ಮೇಲೆ ಬೇಕೆಂದೇ ಬಿದ್ದ ಯುವಕರ ಮೇಲೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು 13 ಸೂತ್ರಗಳನ್ನು 29 ನಿಜವಾದ ಬೀಳುವಿಕೆಗಳಿಗೆ ಹಚ್ಚಿ ನೋಡಿದಾಗ, ಅವು ಸರಾಸರಿ ಶೇಕಡಾ 57ರಷ್ಟನ್ನು ಮಾತ್ರ ಹಿಡಿದವು. ಟ್ರ್ಯಾಕ್ಟರ್ ಟ್ರೇಲರಿನ ಕುಲುಕಾಟ, ಹೊರೆ ಇಳಿಸಿ ನೆಲಕ್ಕೆ ಕುಕ್ಕರಿಸುವ ನಮ್ಮ ರೂಢಿ, ಇವನ್ನೂ ಯಂತ್ರ ಬಿದ್ದದ್ದೆಂದೇ ತಿಳಿಯಬಹುದು. ಹಳ್ಳಿಯ ಹಿರಿಯರ ನಡಿಗೆ, ಕೂರುವಿಕೆ, ಕೆಲಸ ಎಲ್ಲವನ್ನೂ ಅಳೆದು ಸೂತ್ರ ಕಟ್ಟುವ ಕೆಲಸವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕೈಗೆತ್ತಿಕೊಳ್ಳಬೇಕು.

ಈ ಯಂತ್ರ ಬೀಳುವುದನ್ನು ತಪ್ಪಿಸುವುದಿಲ್ಲ, ಬಿದ್ದು ಕಾಯುವ ಹೊತ್ತನ್ನು ಕಡಿಮೆ ಮಾಡುತ್ತದೆ. ಗೂಡಿನಲ್ಲಿಟ್ಟ ಫೋನಿಗೆ ಬಚ್ಚಲಲ್ಲಿ ಬಿದ್ದವರ ಸುಳಿವು ಸಿಗದು. ಸಾಧನ ಮೈಮೇಲಿರಬೇಕು, ಚಾರ್ಜ್ ಆಗಿರಬೇಕು, ನೆಟ್‌ವರ್ಕ್ ಸಿಗಬೇಕು. ತಂದೆ-ತಾಯಿಗೆ ಇಂಥ ಗಡಿಯಾರ ಕೊಡಿಸುವವರು ಅದರಲ್ಲಿ ಬೆಂಗಳೂರಿನಲ್ಲಿರುವ ತಮ್ಮ ನಂಬರಿನ ಜೊತೆ ಪಕ್ಕದ ಮನೆಯವರ ನಂಬರನ್ನೂ ಹಾಕಿಸಲಿ. 108ರ ಆಂಬುಲೆನ್ಸ್ ಬರುವ ಮೊದಲು ಓಡಿಬರುವವರು ಅವರೇ. ಅದಕ್ಕೂ ಮುಂಚೆ ಬಚ್ಚಲ ಪಾಚಿ ತಿಕ್ಕಿಸಿ, ಗೋಡೆಗೊಂದು ಗಟ್ಟಿ ಹಿಡಿಕೆ ಹಾಕಿಸಿ.