ರಕ್ತ ತೊಳೆಯುವ ಕೊಳವೆ

ಕೂಡ್ಲಿಗಿ, ಕೊಟ್ಟೂರು ಕಡೆ ಡಯಾಲಿಸಿಸ್ ಅಂದರೆ ‘ರಕ್ತ ತೊಳೆಸೋದು’. ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಕಿಡ್ನಿ ಸೋತವರು ವಾರಕ್ಕೆ ಎರಡು ಮೂರು ಸಲ ಬೆಳಗಿನ ಬಸ್ಸು ಹಿಡಿಯುವುದು ಇದಕ್ಕೇ. ಮಂಚದ ಮೇಲೆ 4 ತಾಸು. ನಿಮಿಷಕ್ಕೆ 250 ಮಿಲಿಲೀಟರ್ ಲೆಕ್ಕ ಹಿಡಿದರೂ ಅಷ್ಟರಲ್ಲಿ 60 ಲೀಟರ್ ರಕ್ತ ಯಂತ್ರದಲ್ಲಿ ಹಾಯುತ್ತದೆ. ಮೈಯಲ್ಲಿರುವುದು ಸುಮಾರು 5 ಲೀಟರ್. ಅದೇ ರಕ್ತ ಹನ್ನೆರಡು ಸುತ್ತು ಹೊಡೆದಂತಾಯಿತು.

ತೊಳೆಯುವ ಕೆಲಸ ಡಯಾಲೈಸರಿನದು. ಗೇಣಿಗಿಂತ ತುಸು ಉದ್ದದ ಪ್ಲಾಸ್ಟಿಕ್ ಕೊಳವೆ. ಒಳಗೆ 10,000ದ ಆಸುಪಾಸು ಟೊಳ್ಳು ಎಳೆಗಳು, ಒಂದೊಂದರ ಒಳವ್ಯಾಸ ಸುಮಾರು 0.2 ಮಿಲಿಮೀಟರ್. ರಕ್ತ ಎಳೆಯೊಳಗೆ ಹರಿದರೆ ಶುದ್ಧ ದ್ರವ ಹೊರಗೆ ಹರಿಯುತ್ತದೆ, ಕಲ್ಮಶ ಎಳೆಯ ಗೋಡೆ ದಾಟಿ ಆಚೆ ಹೋಗುತ್ತದೆ.

ಮತ್ತೆ ಬಳಸಲು ಸ್ಟೀಲಿನ ಕತ್ತರಿಯನ್ನಾದರೆ ಉಜ್ಜಿ, ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಗೆ ಇಟ್ಟರೆ ಮುಗಿಯಿತು. ಈ ಎಳೆಗಳೊಳಗೆ ಯಾವ ಬ್ರಷ್ ಹೋದೀತು? ಆದರೂ ಖರ್ಚಿನ ಕಾರಣಕ್ಕೆ ಒಬ್ಬರ ಡಯಾಲೈಸರನ್ನು ತೊಳೆದು ಅವರಿಗೇ ಮತ್ತೆ ಮತ್ತೆ ಹಾಕುವ ರೂಢಿ ಬಹಳ ಕಡೆ ಇತ್ತು. ಅದಕ್ಕೆ ಬೋರಿನ ಗಡಸು ನೀರು ನಡೆಯದು, ಆರ್‌ಒ ನೀರೇ ಬೇಕು. ರಕ್ತ ಹೋಗುವವರೆಗೆ ತೊಳೆದು, ಎಳೆಗಳಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಅಳೆಯಬೇಕು, ಮೊದಲಿನ ಶೇ. 80ಕ್ಕಿಂತ ಇಳಿದಿದ್ದರೆ ಎಸೆಯಬೇಕು. ಸೋಂಕು ಕಳೆಯಲು ಪೆರಾಸೆಟಿಕ್ ಆಮ್ಲ ತುಂಬಿಡಬೇಕು. ಮುಂದಿನ ಸರದಿಯಲ್ಲಿ ಆ ಆಮ್ಲ ಚೂರೂ ಉಳಿದಿಲ್ಲವೆಂದು ಪರೀಕ್ಷೆಯ ಪಟ್ಟಿ ಅದ್ದಿ ನೋಡಬೇಕು. ಇಷ್ಟೆಲ್ಲ ಸರಿಯಾಗಿ ನಡೆದೂ ಹೆಸರಿನ ಚೀಟಿ ಅದಲುಬದಲಾದರೆ ಒಬ್ಬರ ಕೊಳವೆ ಇನ್ನೊಬ್ಬರ ಮೈಗೆ! ಸಿಬ್ಬಂದಿ ಕಡಿಮೆ ಇರುವ ತಾಲೂಕು ಆಸ್ಪತ್ರೆಗೆ ಇದು ಹೊರಲಾರದ ಹೊರೆ ಎಂದೇ ನನ್ನ ಎಣಿಕೆ. 2025ರಲ್ಲಿ ಕರ್ನಾಟಕ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ಡಯಾಲೈಸರ್ ತರಲು ಹೊರಟದ್ದು ನನಗೆ ಸಮಾಧಾನ ತಂದಿದೆ.

ಆದರೆ ಯಂತ್ರವನ್ನು ಬಿಸಾಡಲಾಗದು. ಬೆಳಗ್ಗೆ ಒಬ್ಬರಿಗೆ, ಮಧ್ಯಾಹ್ನ ಇನ್ನೊಬ್ಬರಿಗೆ ಅದೇ. ರಕ್ತದ ಒತ್ತಡ ಅಳೆಯುವ ಸಣ್ಣ ಕೊಳವೆ ಯಂತ್ರಕ್ಕೆ ಕೂಡುವ ಕಡೆ ರೂಪಾಯಿ ನಾಣ್ಯದಷ್ಟಗಲದ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಗಾಳಿಯನ್ನು ಬಿಟ್ಟು ರಕ್ತವನ್ನು ತಡೆಯುವುದು ಅದರ ಕೆಲಸ. ಒದ್ದೆಯಾದರೆ ತಕ್ಷಣ ಬದಲಿಸಬೇಕು. ರಕ್ತ ಅದನ್ನು ದಾಟಿ ಒಳಹೊಕ್ಕರೆ, ಮುಂದಿನ ರೋಗಿಗೆ ಹೊಸ ಡಯಾಲೈಸರ್ ಹಾಕಿಯೂ ಅಪಾಯ ತಪ್ಪದು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಜೀವ ಹಿಡಿದಿರಬಲ್ಲದು. ಅದಕ್ಕೇ ಆ ಸೋಂಕಿರುವವರಿಗೆ ಬೇರೆಯೇ ಯಂತ್ರ ಇಡುತ್ತಾರೆ.

ಇನ್ನೊಂದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್. ಒಂದೇ ಸೀಸೆಯಿಂದ ಹಲವರಿಗೆ ಔಷಧಿ ಎಳೆಯುವಾಗ, ಒಬ್ಬರಿಗೆ ಚುಚ್ಚಿದ ಸಿರಿಂಜು ಮರಳಿ ಸೀಸೆಗೆ ಇಳಿಯಿತೆಂದರೆ, ಆ ಸೀಸೆಯಿಂದ ಔಷಧಿ ಪಡೆಯುವ ಎಲ್ಲರಿಗೂ ಸೋಂಕಿನ ದಾರಿ ತೆರೆಯಿತು. ರೋಗಿಯ ಜೊತೆ ಹೋದವರು ಮಂಚದ ಪಕ್ಕ ಕೂತು ನೋಡಬೇಕಾದದ್ದು ಇವನ್ನೇ: ಡಯಾಲೈಸರಿನ ಪೊಟ್ಟಣ ನಿಮ್ಮೆದುರೇ ಒಡೆದರೇ, ಸಿರಿಂಜು ಹೊಸದೇ, ಪಕ್ಕದ ಮಂಚದಿಂದ ಬಂದ ಕೈಯ ಗ್ಲೌಸು ಬದಲಾಯಿತೇ. ಇಲ್ಲದಿದ್ದರೆ ‘ಅಕ್ಕಾ, ಗ್ಲೌಸು’ ಅಂತ ಕೇಳಿ.